1970ರ ಶೆವೆಲ್ ಎಸ್‌ಎಸ್: ದುಡ್ಡು ಕಬ್ಬಿಣಕ್ಕೋ, ಕಾಗದಕ್ಕೋ?

ತೀರ್ಪು ಮೊದಲು. 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ (ಸೂಪರ್ ಸ್ಪೋರ್ಟ್) ಎಂಬ ಅಮೆರಿಕದ ಶಕ್ತಿಶಾಲಿ ಕಾರನ್ನು ಕೊಳ್ಳಬೇಕೆಂದಿದ್ದರೆ ದಾಖಲೆ ಇರುವ, ತುಕ್ಕು ತಿನ್ನದ ಎಸ್‌ಎಸ್ 396 ಹುಡುಕಿ (396, 454 ಎನ್ನುವುದು ಘನ ಇಂಚಿನಲ್ಲಿ ಎಂಜಿನ್ನಿನ ಗಾತ್ರ). ಎಲ್‌ಎಸ್ 6 ಎಂಜಿನ್ನಿನ 454 ಅದಕ್ಕಿಂತ ಮೇಲಿನ ದರ್ಜೆಯ ಕಾರು, ಅನುಮಾನವೇ ಇಲ್ಲ. ಆದರೆ ಅದಕ್ಕೆ ಕೊಡುವ ಬೆಲೆಯಲ್ಲಿ ದೊಡ್ಡ ಪಾಲು ಎಂಜಿನ್ನಿಗಲ್ಲ, 'ಇದು ಕಾರ್ಖಾನೆಯಿಂದಲೇ ಬಂದ ಎಂಜಿನ್' ಎಂದು ಹೇಳುವ ಕಾಗದಕ್ಕೆ ಹೋಗುತ್ತದೆ. ಆ ಕಾಗದ ಓದಲು ಬಾರದವರು ಆ ಕಾರಿಗೆ ಕೈ ಹಾಕಬಾರದು.

ಈ ಕಾರು ಹುಟ್ಟಿದ್ದಕ್ಕೆ ಹಿನ್ನೆಲೆ ಚಿಕ್ಕದು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂದು ಶೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನಲ್ಲಿ ಒಂದು ಒಳನಿಯಮವಿತ್ತು. ಜಾನ್ ಡಿಲೋರಿಯನ್ ಮುಖ್ಯ ಎಂಜಿನಿಯರ್ ಆಗಿದ್ದ ಪಾಂಟಿಯಾಕ್ ವಿಭಾಗ 1964ರಲ್ಲಿ ಅದಕ್ಕೆ ಬಳಸುದಾರಿ ಹಿಡಿಯಿತು. ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389ರ ಎಂಜಿನ್ನನ್ನು ಬೇಕಾದವರು ಹಾಕಿಸಿಕೊಳ್ಳುವ ಪ್ಯಾಕೇಜ್ ಎಂದು ಸೇರಿಸಿ, ಜಿಟಿಒ ಎಂದು ಹೆಸರಿಟ್ಟು ಮಾರಿತು. ಆ ವರ್ಷವೇ 32,450 ಕಾರು ಹೋದವು. ಮಿತಿ 400ಕ್ಕೆ ಏರಿತು, 1970ರ ಮಾದರಿಗಳಿಗೆ ಮಿತಿಯನ್ನೇ ತೆಗೆದುಹಾಕಿದರು. ಆಗ ಶೆವೆಲ್‌ಗೆ ಬಂದದ್ದೇ 454, ಅಂದರೆ 7.4 ಲೀಟರ್.

ಆ ವರ್ಷದ ಎಸ್‌ಎಸ್‌ನಲ್ಲಿ ನಾಲ್ಕು ಎಂಜಿನ್‌ಗಳನ್ನು ಬೇರೆ ಬೇರೆ ಗುರುತಿಸಬೇಕು. 396 ಎಂಬ ಹೆಸರಿನಲ್ಲಿ 350 ಅಶ್ವಶಕ್ತಿಯ ಎಲ್ 34 ಮತ್ತು 375ರ ಎಲ್ 78 (ಹೆಸರು 396 ಆದರೂ ಆ ಹೊತ್ತಿಗೆ ನಿಜವಾದ ಅಳತೆ 402 ಘನ ಇಂಚು). 454ರಲ್ಲಿ 360ರ ಎಲ್‌ಎಸ್ 5 ಮತ್ತು 450ರ ಎಲ್‌ಎಸ್ 6. ಈ ಕೊನೆಯದಕ್ಕೆ 11.25:1 ಕಂಪ್ರೆಷನ್, ಫೋರ್ಜ್ ಮಾಡಿದ ಕ್ರ್ಯಾಂಕ್, ನಾಲ್ಕು ಬೋಲ್ಟಿನ ಮೇನ್ ಬೇರಿಂಗ್ ಕ್ಯಾಪ್, ಹೋಲಿ ಕಾರ್ಬ್ಯುರೇಟರ್. 454 ಎಸ್‌ಎಸ್ ಒಟ್ಟು 8,773 ತಯಾರಾದವು. ಅವುಗಳಲ್ಲಿ ಎಲ್‌ಎಸ್ 6 ಇದ್ದದ್ದು 4,475. 396 ಎಸ್‌ಎಸ್ 53,599. ಬೆಲೆಯ ಲೆಕ್ಕವೆಲ್ಲ ಈ ಮೂರು ಅಂಕಿಗಳ ಮೇಲೆ ನಿಂತಿದೆ.

ಎಸ್‌ಎಸ್‌ಗೆ ಆಧಾರವಾದ ಸಾಮಾನ್ಯ ಶೆವೆಲ್, ಅಂದರೆ ವಿ8 ಮಾಲಿಬು ಕೂಪೆಗೆ ಆಗ ಶೋರೂಮಿನಲ್ಲಿ 2,809 ಡಾಲರ್. 454 ಎಸ್‌ಎಸ್ ಪ್ಯಾಕೇಜಿಗೆ 503.45, ಎಲ್‌ಎಸ್ 6 ಬೇಕೆಂದರೆ ಇನ್ನೂ 263.30. ಗೇರ್‌ಬಾಕ್ಸಿನ ಖರ್ಚು ಬಿಟ್ಟು ಸುಮಾರು 3,576 ಡಾಲರ್, ಇಂದಿನ ಹಣದಲ್ಲಿ ಹತ್ತಿರ ಹತ್ತಿರ 29 ಸಾವಿರ. ಕಾರ್ಖಾನೆ ಕೆಲಸದ ಹುಡುಗನೊಬ್ಬ ಸಾಲ ಮಾಡಿ ತರಬಹುದಾದ ಕಾರು ಇದು. ಇವತ್ತು ದಾಖಲೆ ಸಮೇತ ಒಳ್ಳೆಯ ಸ್ಥಿತಿಯ ಎಲ್‌ಎಸ್ 6 ಲಕ್ಷ ಡಾಲರಿನ ಮೇಲೆಯೇ ಮಾತಾಡುತ್ತದೆ.

ಈ ಏರಿಕೆ ನೇರ ಗೆರೆಯಲ್ಲಿ ಆದದ್ದಲ್ಲ, ಅದನ್ನು ತಿಳಿಯದೆ ಕೊಂಡವರೇ ಕೈ ಸುಟ್ಟುಕೊಂಡದ್ದು. ಹರೆಯದವರು ಓಡಿಸುವ ಶಕ್ತಿಶಾಲಿ ಕಾರುಗಳ ಮೇಲೆ ಇನ್ಶೂರೆನ್ಸ್ ಕಂಪನಿಗಳು ಆಗಲೇ ಪ್ರೀಮಿಯಂ ಏರಿಸಿದ್ದವು. 1971ಕ್ಕೆ ಸೀಸ ಕಡಿಮೆಯ ಪೆಟ್ರೋಲಿಗಾಗಿ ಕಂಪ್ರೆಷನ್ ಇಳಿಸಿದರು. 1972ರಲ್ಲಿ ಅಶ್ವಶಕ್ತಿ ಅಳೆಯುವ ಕ್ರಮವೇ ಬದಲಾಗಿ, ಬರೀ ಎಂಜಿನ್ನನ್ನು ಬೆಂಚಿನ ಮೇಲಿಟ್ಟು ಅಳೆಯುವ ಬದಲು ಏರ್ ಫಿಲ್ಟರ್, ಸೈಲೆನ್ಸರ್ ಸಮೇತ ಅಳೆದು 454ಕ್ಕೆ 270 ಎಂದು ಬರೆದರು. 1973ರ ಅಕ್ಟೋಬರಿನ ತೈಲ ನಿರ್ಬಂಧ ಬಂದಮೇಲೆ ಗ್ಯಾಲನ್ನಿಗೆ 8ರಿಂದ 12 ಮೈಲಿ ಕೊಡುವ ಕಾರನ್ನು ಕೇಳುವವರೇ ಇರಲಿಲ್ಲ. ಎಷ್ಟೋ ಎಸ್‌ಎಸ್‌ಗಳ ಎಂಜಿನ್ ಬಿಚ್ಚಿ ರೇಸ್ ಕಾರಿಗೆ ಹಾಕಿ, ಬಾಡಿಯನ್ನು ಗುಜರಿಗೆ ಎಸೆದದ್ದು ಆಗಲೇ. ಮೂಲ ಎಂಜಿನ್ ಇರುವ ಕಾರು ಇಂದು ಅಪರೂಪವಾಗಿರುವುದಕ್ಕೆ ಕಾರಣ ಆ ಹತ್ತು ವರ್ಷ.

1980ರ ದಶಕದ ಕೊನೆಗೆ ಬೆಲೆ ಜಿಗಿಯಿತು, 90ರ ಆರಂಭದಲ್ಲಿ ಬಿತ್ತು. ಮತ್ತೆ ಏರಿ 2006ರಲ್ಲಿ ಒಂದು ಎಲ್‌ಎಸ್ 6 ಕನ್ವರ್ಟಿಬಲ್ ಹರಾಜಿನಲ್ಲಿ 10 ಲಕ್ಷ ಡಾಲರ್ ದಾಟಿತು. 2008ರ ಆರ್ಥಿಕ ಕುಸಿತದ ಜೊತೆ ಮಾರುಕಟ್ಟೆಯೂ ಕುಸಿಯಿತು. ಚೇತರಿಕೆಯ ಹಾದಿಯಲ್ಲಿ, 2014ರಲ್ಲಿ ಪ್ಲಿಮತ್ ಕಂಪನಿಯ 1971ರ ಹೆಮಿ 'ಕೂಡಾ ಕನ್ವರ್ಟಿಬಲ್ (ಹೆಮಿ ಅದರ ಎಂಜಿನ್ನಿನ ಹೆಸರು) ಒಂದು 35 ಲಕ್ಷ ಡಾಲರಿಗೆ ಹೋಯಿತು. 2021–22ರಲ್ಲಿ ಇನ್ನೊಮ್ಮೆ ಉಬ್ಬರ, ಆಮೇಲೆ ನಿಧಾನ ಇಳಿತ. ತುತ್ತತುದಿಯ ಕಾರುಗಳ ಸುದ್ದಿ ಓದಿ ಸಾಮಾನ್ಯ ಎಸ್‌ಎಸ್‌ನ ಬೆಲೆ ಊಹಿಸುವುದು ದೊಡ್ಡ ತಪ್ಪು. ಕನ್ವರ್ಟಿಬಲ್ ಮತ್ತು ನಾಲ್ಕು ಗೇರಿನ ಹೆಮಿಗಳ ಲೋಕವೇ ಬೇರೆ.

ಇಂದು ಬೆಲೆಯನ್ನು ಕೆಳಗೆಳೆಯುತ್ತಿರುವುದು ವಯಸ್ಸು. 1970ರಲ್ಲಿ 18 ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಗ್ಯಾರೇಜ್ ಖಾಲಿ ಮಾಡುತ್ತಿರುವವರು ಅವರೇ. ಅವರ ಮಕ್ಕಳಿಗೆ 90ರ ದಶಕದ ಜಪಾನಿ ಕಾರುಗಳ ಮೇಲೆ ಆಸೆ. ಹಾಗಾಗಿ ಮಧ್ಯಮ ದರ್ಜೆಯ, ದಾಖಲೆ ಅರೆಬರೆ ಇರುವ ಕಾರುಗಳಿಗೆ ಮೊದಲು ಪೆಟ್ಟು ಬಿದ್ದಿದೆ. ಕೊಳ್ಳುವವರಿಗೆ ಇದು ಒಳ್ಳೆಯ ಕಾಲ, ಎರಡು ವರ್ಷದಲ್ಲಿ ಲಾಭಕ್ಕೆ ಮಾರುವೆ ಎನ್ನುವವರಿಗಲ್ಲ.

ಈಗ ಕಾಗದದ ವಿಚಾರ. ಇಲ್ಲಿ ಆತುರ ಬೇಡ. 1970ರ ಶೆವೆಲ್‌ನ ವಿಐಎನ್ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ಅದು ಎಸ್‌ಎಸ್ ಹೌದೋ ಅಲ್ಲವೋ ಹೇಳುವುದೇ ಇಲ್ಲ. ಅದರ ಮೊದಲ ಅಂಕಿಗಳು 13637 ಎಂದರೆ ವಿ8 ಮಾಲಿಬು ಕೂಪೆ, ಅಷ್ಟೇ. ಸಣ್ಣ 307 ಎಂಜಿನ್ನಿನ ಕಾರಿಗೂ ಅದೇ, ಎಲ್‌ಎಸ್ 6ಗೂ ಅದೇ. ಹೀಗಾಗಿಯೇ ನಕಲು ಇಷ್ಟು ಸುಲಭ. ಬಾಡಿ ಕಟ್ಟುವಾಗ ಕಾರ್ಖಾನೆಯಲ್ಲಿ ಬಳಸಿದ ಬಿಲ್ಡ್ ಶೀಟ್ ಸಿಕ್ಕರೆ ಅದೇ ಬಂಗಾರ: ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ, ಹಿಂದಿನ ಸೀಟಿನ ಸ್ಪ್ರಿಂಗ್‌ಗಳ ನಡುವೆ ಹುಡುಕಬೇಕು. ಅದರಲ್ಲಿ ಜೆಡ್ 15 ಇದ್ದರೆ 454 ಎಸ್‌ಎಸ್, ಜೆಡ್ 25 ಇದ್ದರೆ 396 ಎಸ್‌ಎಸ್. ವಾರಂಟಿ ಪುಸ್ತಕಕ್ಕೆ ಅಂಟಿರುವ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಲೋಹದ ಚೀಟಿಯೂ ಬಲವಾದ ಸಾಕ್ಷಿ. ಎರಡರ ಹೊಸ ನಕಲೂ ಮಾರುಕಟ್ಟೆಯಲ್ಲಿದೆ, ಆದ್ದರಿಂದ ಒಂದೇ ಕಾಗದ ಹಿಡಿದು ನಂಬಬೇಡಿ. ಕಾಗದ ಹೇಳುವುದನ್ನೇ ಕಬ್ಬಿಣವೂ ಹೇಳಬೇಕು.

ಎಂಜಿನ್ನಿನ ಬಲಬದಿ ಹೆಡ್‌ನ ಮುಂದೆ, ಬ್ಲಾಕಿನ ಮೇಲೆ ಒಂದು ಚಪ್ಪಟೆ ಜಾಗವಿದೆ. ಅಲ್ಲಿ ಎರಡು ಅಚ್ಚುಗಳಿರುತ್ತವೆ. ಒಂದು ಎಂಜಿನ್ ಜೋಡಿಸಿದ ದಿನ ಮತ್ತು ಸಂಕೇತ: ಟಿ0212ಸಿಆರ್‌ವಿ ಎಂದಿದ್ದರೆ ಟೊನಾವಾಂಡ ಕಾರ್ಖಾನೆ, ಫೆಬ್ರವರಿ 12, ನಾಲ್ಕು ಗೇರಿನ ಎಲ್‌ಎಸ್ 6. ಕೊನೆಗೆ ಸಿಆರ್‌ಆರ್ ಇದ್ದರೆ ಆಟೊಮ್ಯಾಟಿಕ್ ಎಲ್‌ಎಸ್ 6. ಇನ್ನೊಂದು ಅಚ್ಚು ಕಾರಿನ ವಿಐಎನ್‌ನ ಕೊನೆಯ ಅಂಕಿಗಳು. ಕಾರಿನ ಸಂಖ್ಯೆಗೆ ಅದು ತಾಳೆಯಾಗಬೇಕು. ದಿನಾಂಕವೂ ತಾಳೆಯಾಗಬೇಕು: ಎಂಜಿನ್ ಕೋಣೆಯ ಹಿಂಗೋಡೆಯಾದ ಫೈರ್‌ವಾಲಿನ ಟ್ರಿಮ್ ಟ್ಯಾಗ್ (ಬಾಡಿ ತಯಾರಾದ ವಾರ ಬರೆದ ಲೋಹದ ಚೀಟಿ) 02ಸಿ, ಅಂದರೆ ಫೆಬ್ರವರಿಯ ಮೂರನೇ ವಾರ ಎಂದು ಹೇಳುತ್ತಿರುವಾಗ ಎಂಜಿನ್ ಮಾರ್ಚಿನಲ್ಲಿ ಹುಟ್ಟಿರಲು ಸಾಧ್ಯವಿಲ್ಲ.

ಅಂಕಿಗಳಿಗಿಂತ ಮುಖ್ಯ ಆ ಚಪ್ಪಟೆ ಜಾಗದ ಮೈ. ಕಾರ್ಖಾನೆಯ ಯಂತ್ರ ಕೆತ್ತಿದಾಗ ಅಲ್ಲಿ ಒಂದೇ ದಿಕ್ಕಿಗೆ ಓಡುವ ಸಣ್ಣ ಗೆರೆಗಳು ಉಳಿಯುತ್ತವೆ, ಅದನ್ನೇ ಬ್ರೋಚ್ ಮಾರ್ಕ್ ಎನ್ನುವುದು. ಮೈ ಕನ್ನಡಿಯಂತೆ ನುಣುಪಾಗಿದ್ದರೆ ಅಥವಾ ಗೆರೆಗಳು ವೃತ್ತಾಕಾರದಲ್ಲಿದ್ದರೆ ಯಾರೋ ಉಜ್ಜಿ ಹೊಸದಾಗಿ ಅಚ್ಚು ಹಾಕಿದ್ದಾರೆ, ಇಲ್ಲವೇ ರೀಬಿಲ್ಡ್ ಮಾಡುವಾಗ ಬ್ಲಾಕಿನ ಮೇಲ್ಮೈ ಸವೆಸಿದ್ದಾರೆ. ಎರಡನೆಯದು ಮೋಸವಲ್ಲ, ಆದರೆ ಬೆಲೆಗೆ ಪೆಟ್ಟು ಒಂದೇ. ಒಳ್ಳೆಯ ಟಾರ್ಚ್, ಡಿಗ್ರೀಸರ್, ಮೆತ್ತನೆಯ ಬಟ್ಟೆ ತೆಗೆದುಕೊಂಡು ಹೋಗಿ. ವೈರ್ ಬ್ರಷ್ ತಾಗಿಸಬೇಡಿ. ಮಾರುವವರು ಆ ಜಾಗ ಒರೆಸಲು ಬಿಡದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ. ಎಲ್‌ಎಸ್ 6ರ ಹೆಡ್ ಕಾಸ್ಟಿಂಗ್ ಸಂಖ್ಯೆ 3964291 ಇರಬೇಕು; 3964290 ಕಂಡರೆ ಅದು ಎಲ್‌ಎಸ್ 5ರ ಹೆಡ್.

ಬಾಡಿಯಲ್ಲಿ ನೋಡುವ ಗುರುತುಗಳು ಬೇರೆ ಥರ ಕೆಲಸ ಮಾಡುತ್ತವೆ. 12 ಬೋಲ್ಟಿನ ಹಿಂದಿನ ಆಕ್ಸಲ್, ಮುಂದಿನ ಡಿಸ್ಕ್ ಬ್ರೇಕ್, ಹಿಂದೆ ಸ್ವೇ ಬಾರ್, ದುಂಡನೆಯ ಮೀಟರ್‌ಗಳ ಡ್ಯಾಶ್‌ಬೋರ್ಡ್ ಎಲ್ಲ ಎಸ್‌ಎಸ್‌ಗೂ ಇದ್ದವು. ಇವು ಇಲ್ಲದಿದ್ದರೆ ಅನುಮಾನ ಗಟ್ಟಿ. ಇದ್ದರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಎಲ್ಲವೂ ಕ್ಯಾಟಲಾಗಿನಲ್ಲಿ ಸಿಗುತ್ತವೆ. ಬಾನೆಟ್ಟಿನ ಪಟ್ಟೆ, ಎಸ್‌ಎಸ್ ಬ್ಯಾಡ್ಜ್, ಎಂಜಿನ್ನಿಗೆ ಗಾಳಿ ಬಿಡುವ ಬಾನೆಟ್ಟಿನ ಕೌಲ್ ಇಂಡಕ್ಷನ್ ಮುಚ್ಚಳಕ್ಕಂತೂ ಸಾಕ್ಷಿಯ ಬೆಲೆಯೇ ಇಲ್ಲ.

ತುಕ್ಕಿನ ವಿಷಯದಲ್ಲಿ ಒಂದು ಅನುಕೂಲವಿದೆ: ಬಾಡಿಯಿಂದ ಬೇರೆಯಾದ ಪೂರ್ಣ ಫ್ರೇಮ್ ಇರುವ ಕಾರು ಇದು, ನೆಲದ ಶೀಟ್ ಹೋದರೂ ಬೆನ್ನೆಲುಬು ಉಳಿದಿರಬಹುದು. ಮೊದಲು ನೋಡಬೇಕಾದದ್ದು ಹಿಂದಿನ ಗಾಜಿನ ಬುಡ. ವಿನೈಲ್ ರೂಫ್ ಇದ್ದ ಕಾರಿನಲ್ಲಿ ನೀರು ಅದರಡಿ ನಿಂತು, ಗಾಜಿನ ಚೌಕಟ್ಟನ್ನು ತಿಂದು, ಡಿಕ್ಕಿಯ ನೆಲಕ್ಕೆ ಇಳಿದಿರುತ್ತದೆ. ಆಮೇಲೆ ಹಿಂದಿನ ಚಕ್ರದ ಹಿಂಬದಿಯ ಕೆಳಭಾಗ, ಮುಂದಿನ ಮಡ್‌ಗಾರ್ಡಿನ ಕೆಳತುದಿ, ಬಾಡಿ ಮೌಂಟ್‌ಗಳು, ಹಿಂದಿನ ಚಕ್ರದ ಬಳಿಯ ಫ್ರೇಮ್. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದುಕೊಂಡು ಹೋಗಿ. ಅದು ಜಾರಿಬಿದ್ದಲ್ಲೆಲ್ಲ ಪುಟ್ಟಿ ಇದೆ. ಶೀಟ್ ಸಿಗದೆ ಹೋಗುವ ಚಿಂತೆಯಿಲ್ಲ, ನೆಲದಿಂದ ಕ್ವಾರ್ಟರ್ ಪ್ಯಾನೆಲ್‌ವರೆಗೆ ಹೊಸದು ಬರುತ್ತದೆ. ದುಬಾರಿ ಬೀಳುವುದು ಟಿಂಕರಿಂಗ್ ಕೂಲಿ. ಅರ್ಧ ಬಿಚ್ಚಿದ ಪ್ರಾಜೆಕ್ಟ್ ಕಾರು ಅಗ್ಗವೆಂದು ತಂದವರು ಪೂರ್ತಿ ಮಾಡುವಷ್ಟರಲ್ಲಿ, ಸಿದ್ಧವಾಗಿದ್ದ ಅದೇ ಕಾರಿನ ಬೆಲೆಗಿಂತ ಹೆಚ್ಚು ಸುರಿದಿರುತ್ತಾರೆ.

ಓಡಿಸಲು ಹೇಗೆ? ಎಲ್‌ಎಸ್ 6 ಕಾಲು ಮೈಲಿಯನ್ನು 13 ಚಿಲ್ಲರೆ ಸೆಕೆಂಡಿನಲ್ಲಿ ಮುಗಿಸುತ್ತದೆ. 3,600 ಆರ್‌ಪಿಎಮ್‌ನಲ್ಲೇ 500 ಪೌಂಡ್-ಅಡಿ ಟಾರ್ಕ್ ಎಂದರೆ ಅದು ತಳ್ಳುವ ಬಗೆ ಇಂದಿನ ಟರ್ಬೊ ಕಾರುಗಳಲ್ಲಿ ಸಿಗುವುದಿಲ್ಲ: ಕಾಲಿಟ್ಟ ಕ್ಷಣವೇ, ತಡವೇ ಇಲ್ಲದೆ. ತಿರುವಿನಲ್ಲಿ ಮೂತಿ ಭಾರ, ಹಿಂದೆ ಡ್ರಮ್ ಬ್ರೇಕ್. ಮುಂದಿನ ಕಾರಿನಿಂದ ಅಂತರ ಇಟ್ಟುಕೊಳ್ಳಬೇಕು. ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ಹಾಕಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ) ಕೇಳದೆ ಕೊಳ್ಳಬೇಡಿ. 4.10 ಇದ್ದರೆ ಗಂಟೆಗೆ 65 ಮೈಲಿಯಲ್ಲಿ ಎಂಜಿನ್ ಸುಮಾರು 3,450 ಆರ್‌ಪಿಎಮ್‌ನಲ್ಲಿ ಕಿರುಚುತ್ತಿರುತ್ತದೆ, 3.31 ಇದ್ದರೆ 2,800ರ ಹತ್ತಿರ. ದೂರ ಹೋಗುವವರಿಗೆ ಎರಡನೆಯದೇ ಸರಿ.

ಪೆಟ್ರೋಲ್ ಎಲ್‌ಎಸ್ 6ರ ದೊಡ್ಡ ತಲೆನೋವು. ಅಮೆರಿಕದ ಪಂಪಿನ 91–93 ಆಕ್ಟೇನ್ ಅದರ 11.25 ಕಂಪ್ರೆಷನ್ನಿಗೆ ಸಾಲದು, ಎತ್ತರ ಹತ್ತುವಾಗ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿಯೇ ಹೊತ್ತಿ ಆಗುವ ಬಡಿತ, ಕೇಳಿಸುತ್ತದೆ. (ಭಾರತದ ಪಂಪಿನ ಅಂಕಿಯೊಂದಿಗೆ ಇದನ್ನು ಹೋಲಿಸಬೇಡಿ, ಅಳತೆಯ ಕ್ರಮವೇ ಬೇರೆ.) ಕಿಡಿ ಹೊತ್ತುವ ಟೈಮಿಂಗ್ ಹಿಂದಕ್ಕೆ ಹಾಕಿದರೆ ಶಬ್ದ ನಿಲ್ಲುತ್ತದೆ, ಆದರೆ ಶಕ್ತಿ ಇಳಿದು ಎಂಜಿನ್ ಬಿಸಿಯಾಗುತ್ತದೆ. ರೇಸ್ ಪೆಟ್ರೋಲ್ ಬೆರೆಸುವುದು, ಇಲ್ಲವೇ ರೀಬಿಲ್ಡ್ ಆಗುವಾಗ ಪಿಸ್ಟನ್ ಬದಲಿಸಿ ಕಂಪ್ರೆಷನ್ ಇಳಿಸುವುದು ಸರಿಯಾದ ದಾರಿ. ಎಲ್ 34ಕ್ಕೆ ಪಂಪಿನ ಪ್ರೀಮಿಯಂ ಹಾಕಿ, ಟೈಮಿಂಗ್ ಸ್ವಲ್ಪ ನೋಡಿಕೊಂಡರೆ ಸಾಕು. ಎಣ್ಣೆಯಲ್ಲಿ ಸತು 1,000 ಪಿಪಿಎಮ್‌ಗಿಂತ ಕಡಿಮೆ ಇರಬಾರದು. ಹೊಸ ಕಾರಿನ ಎಣ್ಣೆ ಹಾಕಿದರೆ ಕ್ಯಾಮ್‌ನ (ವಾಲ್ವ್ ತೆರೆಯುವ ಶಾಫ್ಟಿನ) ಲೋಬ್ ಸವೆದು ಆ ಪುಡಿ ಬೇರಿಂಗ್‌ಗಳಿಗೆ ಹೋಗಬಹುದು. ಸೀಸವಿಲ್ಲದ ಪೆಟ್ರೋಲಿಗೆ ವಾಲ್ವ್ ಸೀಟ್ ಗಟ್ಟಿ ಮಾಡಿಸಿದ್ದಾರೆಯೇ ಎಂದು ಬಿಲ್ ಕೇಳಿ. ಎಂಜಿನ್ ಪೂರ್ತಿ ಬಿಸಿಯಾದಮೇಲೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಕುದಿಯುವ ರೋಗ, ಸ್ಟಾರ್ಟರ್ ಸೋಲುವ ರೋಗ ಎರಡೂ ಅಲ್ಲೇ ಬಯಲಾಗುತ್ತವೆ.

ಹೊಸ ಎಲ್‌ಎಸ್ 3 ಎಂಜಿನ್, ಆರು ಗೇರ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಹಾಕಿದ ರೆಸ್ಟೊಮಾಡ್‌ಗಳು ಓಡಿಸಲು ಎಲ್ಲಕ್ಕಿಂತ ಸುಖ. ಇದಕ್ಕೆ ಸಾಮಾನ್ಯ ಮಾಲಿಬು ಬಾಡಿಯೇ ಸಾಕು. ನಿಜವಾದ ಎಸ್‌ಎಸ್ ಕತ್ತರಿಸುವುದು ಅನ್ಯಾಯ. ಮುಂದೆಂದಾದರೂ ಕಾರನ್ನು ಊರಿಗೆ ಸಾಗಿಸುವ ಕನಸಿರುವ ಕನ್ನಡಿಗರಿಗೆ ಒಂದು ಮಾತು: ಭಾರತದ 2021ರ ವಿಂಟೇಜ್ ನೋಂದಣಿ ನಿಯಮಕ್ಕೆ 50 ವರ್ಷ ದಾಟಿದ್ದರೆ ಸಾಲದು, ಚಾಸಿಸ್, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು. ರೆಸ್ಟೊಮಾಡ್ ಅಲ್ಲಿಗೆ ಹೊಂದುವುದಿಲ್ಲ. ನೋಂದಣಿಯಾದ ಕಾರಿನಲ್ಲೂ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ.

ಬೆಲೆ ಮಾತಾಡುವಾಗ ಕಾಗದವಿಲ್ಲದ ಎಲ್‌ಎಸ್ 6ಗೆ ಚೆನ್ನಾಗಿ ಕಟ್ಟಿದ ನಕಲಿನ ಬೆಲೆಯನ್ನಷ್ಟೇ ಹೇಳಿ, ಮಾರುವವರು ಎಷ್ಟೇ ಆಣೆ ಪ್ರಮಾಣ ಮಾಡಲಿ. ಹಣ ಕೊಡುವ ಮೊದಲೇ 'ಅಗ್ರೀಡ್ ವ್ಯಾಲ್ಯೂ' ಇನ್ಶೂರೆನ್ಸ್ ಗೊತ್ತುಮಾಡಿಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಕಾರು ನಜ್ಜುಗುಜ್ಜಾದರೆ ಸವಕಳಿ ಕಳೆದು ಕೊಡುತ್ತಾರೆ. ಇದರಲ್ಲಿ ಮೊದಲೇ ಬರೆದ ಮೊತ್ತ ಪೂರ್ತಿ ಬರುತ್ತದೆ. ಆ ಮೊತ್ತ ಬರೆಸಲು ಬ್ಲಾಕಿನ ಅಚ್ಚು, ಟ್ರಿಮ್ ಟ್ಯಾಗ್, ಬಿಲ್ಡ್ ಶೀಟ್‌ಗಳ ಸ್ಪಷ್ಟ ಫೋಟೊ ಕೇಳಿದರೆ ಒದಗಿಸಬೇಕಾಗುತ್ತದೆ. ಕಾರು ನೋಡಲು ಹೋದ ದಿನವೇ ಅವನ್ನು ತೆಗೆದಿಟ್ಟುಕೊಳ್ಳಿ.