ಪೆಂಡಾಲ್‌ನಲ್ಲಿ ಪ್ಲಗ್ ಹಾಕುವ ಮೊದಲು: ನ್ಯೂಟ್ರಲ್ ಹೋದರೆ ಕೀಬೋರ್ಡೂ ಹೋಯ್ತು

ಗಣಪತಿ ಪೆಂಡಾಲ್, ರಾತ್ರಿ ಎಂಟೂವರೆ. ನಾಲ್ಕನೇ ಹಾಡು ಮುಗಿಯುವಾಗ ಕರೆಂಟ್ ಹೋಯಿತು. ಜನರೇಟರ್ ಸ್ಟಾರ್ಟ್ ಮಾಡಿ, ಸಪ್ಲೈಯನ್ನು ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಹ್ಯಾಂಡಲ್ ಎಳೆದರು. ವೇದಿಕೆ ಮುಂದಿನ ಹ್ಯಾಲೊಜನ್‌ಗಳು ಕೆಂಪಗೆ ಮಿಣುಕಿದವು. ಅದೇ ಹೊತ್ತಿಗೆ ಮಂಟಪದ ಸೀರಿಯಲ್ ಸೆಟ್ ಮಾತ್ರ ಎಂದೂ ಇಲ್ಲದ ಹಾಗೆ ಧಗಧಗ ಬೆಳಗಿತು. 'ನೋಡು ಗುರು, ಜನರೇಟರ್ ಹೆಂಗೆ ಎಳೀತಿದೆ' ಅಂತ ಯಾರೋ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಕೀಬೋರ್ಡ್ ಅಡಾಪ್ಟರ್ ಟಪ್ ಅಂದಿತು. ಅದರ ಹಿಂದೆಯೇ ರಿದಂ ಪ್ಯಾಡಿನದು, ಆಮೇಲೆ ಮಿಕ್ಸರ್. ಕೊನೆಗೆ ಒಂದು ಪವರ್ಡ್ ಮಾನಿಟರ್ ಸ್ಪೀಕರ್‌ನಿಂದ ಸುಟ್ಟ ಮೀನಿನಂಥ ವಾಸನೆ.

ಕಾರಣ ಹುಡುಕಿದಾಗ ಸಿಕ್ಕಿದ್ದು ಚೇಂಜ್‌ಓವರ್ ಸ್ವಿಚ್ಚಿನೊಳಗೆ ಸಡಿಲಾಗಿದ್ದ ಒಂದು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಸ್ಕ್ರೂ. ಎರಡು ಸುತ್ತು ತಿರುಗಿಸಿದ್ದರೆ ಸಾಕಿತ್ತು. ನಷ್ಟ ಯಾರು ತುಂಬಬೇಕು ಎಂಬ ಮಾತು ಬಂದಾಗ ಸೌಂಡ್‌ನವರು ಜನರೇಟರ್‌ನವರ ಕಡೆ ಕೈ ತೋರಿಸಿದರು, ಜನರೇಟರ್‌ನವರು ಲೈಟಿಂಗ್‌ನವರ ಕಡೆ. ಕಮಿಟಿಯವರು 'ದೇವರ ಕೆಲ್ಸ, ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರು. ಗಣಪತಿಯಿಂದ ರಾಜ್ಯೋತ್ಸವ ಮುಗಿಯುವವರೆಗೆ ರಸಮಂಜರಿ, ರಿಸೆಪ್ಷನ್ ಅಂತ ವಾರಕ್ಕೊಂದು ವೇದಿಕೆ ಹತ್ತುವವರಿಗಾಗಿ ಇದನ್ನು ಬಿಡಿಸಿ ಬರೆಯುತ್ತಿರುವುದು.

ಮೊದಲು ಆ ಸೀರಿಯಲ್ ಸೆಟ್ ಯಾಕೆ ಧಗಧಗಿಸಿತು ಅಂತ ನೋಡೋಣ. ಮೂರು ಫೇಸ್ ಸಪ್ಲೈಯಲ್ಲಿ, ಅಂದರೆ ಕರೆಂಟ್ ತರುವ ಮೂರು ವೈರಿಗೆ ಒಂದೇ ನ್ಯೂಟ್ರಲ್ ಇರುವಲ್ಲಿ, ಪ್ರತಿ ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400. ನ್ಯೂಟ್ರಲ್ ಗಟ್ಟಿಯಾಗಿರುವ ತನಕ ಎಲ್ಲರಿಗೂ 230. ಅದು ಬಿಟ್ಟುಕೊಂಡ ಕ್ಷಣ ಒಂದು ಫೇಸಿನ ಲೋಡು ಇನ್ನೊಂದು ಫೇಸಿನ ಲೋಡಿನ ಜೊತೆ ಸೀರೀಸ್‌ನಲ್ಲಿ ನಿಂತು, ಆ 400 ವೋಲ್ಟನ್ನು ತಮ್ಮತಮ್ಮ ರೆಸಿಸ್ಟೆನ್ಸಿಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಲೆಕ್ಕ ಸುಲಭವಾಗಲಿ ಅಂತ ಮೂರನೇ ಫೇಸ್ ಬಿಟ್ಟುಬಿಡಿ. ಒಂದರಲ್ಲಿ 1000 ವ್ಯಾಟಿನ ನಾಲ್ಕು ಹ್ಯಾಲೊಜನ್, ಅಂದರೆ ಸುಮಾರು 13 ಓಮ್. ಇನ್ನೊಂದರಲ್ಲಿ ನಮ್ಮ ಕೀಬೋರ್ಡ್, ಪ್ಯಾಡ್, ಮಿಕ್ಸರ್, ಸೀರಿಯಲ್ ಸೆಟ್ ಎಲ್ಲ ಸೇರಿ 400 ವ್ಯಾಟ್, ಅಂದರೆ ಸುಮಾರು 132 ಓಮ್. ಹ್ಯಾಲೊಜನ್‌ಗೆ ಸಿಗುವುದು 36 ವೋಲ್ಟ್, ನಮಗೆ 364. ಕಡಿಮೆ ಕರೆಂಟ್ ತಿನ್ನುವವರಿಗೇ ಹೆಚ್ಚು ಪೆಟ್ಟು. ವೇದಿಕೆ ಮೇಲೆ ಎಲ್ಲರಿಗಿಂತ ಕಡಿಮೆ ಕರೆಂಟ್ ತಿನ್ನುವುದು ವಾದ್ಯಗಳೇ.

ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಬರೆದಿರುತ್ತದೆ. ಒಳಗೆ ಇನ್‌ಪುಟ್ ಬದಿಯ ಕೆಪ್ಯಾಸಿಟರ್ ಸಾಮಾನ್ಯವಾಗಿ 400 ವೋಲ್ಟಿನದು. 230 ವೋಲ್ಟ್ ಎಸಿ ಅಲೆಯಂತೆ ಏರಿಳಿಯುವಾಗ ಮುಟ್ಟುವ ತುದಿಮಟ್ಟ 325, ಅಲ್ಲಿಯವರೆಗೆ ನಿಶ್ಚಿಂತೆ. 300 ವೋಲ್ಟ್ ಬಂದರೆ ತುದಿಮಟ್ಟ 424, ಕೆಪ್ಯಾಸಿಟರಿನ ಮಿತಿ ದಾಟಿತು. ಟಪ್ ಅನ್ನುವ ಸದ್ದು, ಮೀನಿನ ವಾಸನೆ ಎರಡೂ ಬರುವುದು ಇಲ್ಲಿಂದಲೇ. ಹಗುರವಾದ ಈ ಎಸ್‌ಎಂಪಿಎಸ್ (ಸ್ವಿಚಿಂಗ್ ಸರ್ಕ್ಯೂಟಿನ) ಅಡಾಪ್ಟರುಗಳು ಬಹುತೇಕ ತಾವು ಸತ್ತು ಕೀಬೋರ್ಡನ್ನು ಉಳಿಸುತ್ತವೆ. ಭಾರವಾದ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಅಡಾಪ್ಟರ್ ಹಾಗಲ್ಲ. ಅದು ಸುಟ್ಟುಹೋಗುವ ಮೊದಲು ಒಂದಷ್ಟು ಹೊತ್ತು 12 ವೋಲ್ಟಿನ ಜಾಗದಲ್ಲಿ ಹತ್ತೊಂಬತ್ತೋ ಇಪ್ಪತ್ತೋ ವೋಲ್ಟನ್ನು ಕೀಬೋರ್ಡಿನ ಒಳಕ್ಕೆ ತಳ್ಳಬಲ್ಲದು. ಹಳೇದು ಗಟ್ಟಿಮುಟ್ಟು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಅವತ್ತು ಇನ್ನೊಂದು ಅವಾಂತರವೂ ಆಯಿತು. ಕತ್ತಲಲ್ಲಿ ಯಾರದೋ ಅಡಾಪ್ಟರ್ ತಂದು 'ಪಿನ್ ಸರಿಹೋಗುತ್ತೆ, ಹಾಕು' ಅಂದರು. ಪಿನ್ ಸರಿಹೋಯಿತು, ಗಿಟಾರ್ ಪೆಡಲ್ ಹೋಯಿತು. ಬಾಸ್ (Boss) ಕಂಪನಿಯ ಪೆಡಲ್‌ಗಳು 9 ವೋಲ್ಟ್, ನಡುವಿನ ಪಿನ್ ಮೈನಸ್. ಯಮಹಾ ಕೀಬೋರ್ಡ್ ಅಡಾಪ್ಟರುಗಳಲ್ಲಿ ನಡುವಿನ ಪಿನ್ ಪ್ಲಸ್, ಅದರಲ್ಲೂ 12 ವೋಲ್ಟಿನದು ಬೇರೆ, 16 ವೋಲ್ಟಿನದು ಬೇರೆ. ಅಡಾಪ್ಟರ್ ಮೇಲೆ ಬಿಳಿ ಟೇಪ್ ಸುತ್ತಿ ವೋಲ್ಟ್, ಆಂಪ್, ಪ್ಲಸ್ ಒಳಗೋ ಹೊರಗೋ ಅಂತ ದಪ್ಪ ಮಾರ್ಕರಿನಲ್ಲಿ ಬರೆದಿಡಿ. ಅಚ್ಚಾದ ಅಕ್ಷರ ವೇದಿಕೆಯ ಬೆಳಕಿನಲ್ಲಿ ಕಾಣುವುದಿಲ್ಲ.

ಪ್ಲಗ್ ಹಾಕುವ ಮೊದಲು ಬೋರ್ಡನ್ನು ಒಮ್ಮೆ ಕಣ್ಣಿಟ್ಟು ನೋಡಿ. ಪೆಂಡಾಲ್ ಬೋರ್ಡಿನ ಚಿತ್ರ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ: ಹಲಗೆಯ ಮೇಲೆ ನಾಲ್ಕು ಸಾಕೆಟ್, ಅದರಲ್ಲಿ ಎರಡಕ್ಕೆ ಪ್ಲಗ್ಗೇ ಇಲ್ಲ. ವೈರಿನ ತುದಿ ಸುಲಿದು ತೂತಿಗೆ ತುರುಕಿ, ಜಾರದಿರಲಿ ಅಂತ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಕಡ್ಡಿಯ ಮದ್ದಿನ ತಲೆ ಹೊರಗೆ ಇಣುಕುತ್ತಿರುತ್ತದೆ. ಮೇಲಿನ ದೊಡ್ಡ ತೂತು, ಅಂದರೆ ಅರ್ಥಿನದು, ಖಾಲಿ. ಹಿಂದೆ ತಿರುಗಿಸಿ ನೋಡಿದರೆ ಆ ತೂತಿಗೆ ಹಸಿರು ವೈರೇ ಬಂದಿರುವುದಿಲ್ಲ. ಅಂಥ ಬೋರ್ಡಿಗೆ ಲೈಟ್ ಹಾಕಿಕೊಳ್ಳಲಿ, ವಾದ್ಯ ಹಾಕಬೇಡಿ.

ಟೆಸ್ಟರ್ ನಂಬಬೇಡಿ. ನಿಯಾನ್ ಟೆಸ್ಟರ್ ಉರಿಯಿತು ಅಂದರೆ ಏನೋ ವೋಲ್ಟೇಜ್ ಇದೆ ಅಂತ ಅಷ್ಟೇ. 150 ಇದೆಯೋ 364 ಇದೆಯೋ ಅದು ಹೇಳದು, ನ್ಯೂಟ್ರಲ್ ಇದೆಯೋ ಇಲ್ಲವೋ ಅದನ್ನೂ ಹೇಳದು. ಬ್ಯಾಗಿನಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್ ಇರಲಿ, ಅದರ ಮೇಲೆ ಸುರಕ್ಷತೆಯ ದರ್ಜೆ ಕ್ಯಾಟ್ 3 (CAT III), 600 ವೋಲ್ಟ್ ಅಂತ ನಮೂದಾಗಿರಬೇಕು. ಕೆಂಪು ವೈರ್ 10 ಆಂಪ್ ತೂತಿನಲ್ಲಿ ಇಲ್ಲ ಅಂತ ಮೊದಲು ನೋಡಿಕೊಳ್ಳಿ. ಅಲ್ಲಿಟ್ಟು ಸಾಕೆಟ್ಟಿಗೆ ಚುಚ್ಚಿದರೆ ಅದು ನೇರ ಶಾರ್ಟ್, ಕೈಯಲ್ಲೇ ಸಿಡಿಯುತ್ತದೆ. ನಾಬ್ ಎಸಿ 600 ಅಥವಾ 750ರಲ್ಲಿ ಇರಬೇಕು.

ಅರ್ಥ್ ತೂತು ಮೇಲೆ ಬರುವಂತೆ ಸಾಕೆಟ್ ಎದುರು ನಿಂತರೆ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಫೇಸ್–ನ್ಯೂಟ್ರಲ್ ನಡುವೆ 207ರಿಂದ 253ರೊಳಗೆ ಏನಿದ್ದರೂ ಒಪ್ಪಬಹುದು. ಫೇಸ್–ಅರ್ಥ್ ಅದರ ಆಸುಪಾಸಿನಲ್ಲೇ, ನಾಲ್ಕೈದು ವೋಲ್ಟ್ ಹೆಚ್ಚುಕಮ್ಮಿ ಬರಬೇಕು. ಸೊನ್ನೆಯೋ, 60, 110ರಂಥ ಅಡ್ಡಾದಿಡ್ಡಿ ಸಂಖ್ಯೆಯೋ ಬಂದರೆ ಅರ್ಥ್ ಇಲ್ಲ. ನ್ಯೂಟ್ರಲ್–ಅರ್ಥ್ ನಡುವೆ ಒಂದೋ ಎರಡೋ ವೋಲ್ಟ್ ಸಹಜ, ಐದು ದಾಟಿದರೆ ಎಲೆಕ್ಟ್ರಿಷಿಯನ್‌ನ ಕರೆಯಿರಿ. ಇಲ್ಲಿ ಒಂದು ಬಲೆಯಿದೆ. ಲೋಡ್ ಪೂರ್ತಿ ಇದ್ದೂ ಮೀಟರ್ ಅಚ್ಚುಕಟ್ಟಾಗಿ 0.0 ತೋರಿಸಿದರೆ ಖುಷಿಪಡಬೇಡಿ. ಅರ್ಥ್ ಕೇಳುತ್ತಾರಲ್ಲ ಅಂತ ಸಾಕೆಟ್ಟಿನ ಹಿಂದೆಯೇ ನ್ಯೂಟ್ರಲ್‌ನಿಂದ ಅರ್ಥಿಗೆ ತುಂಡು ವೈರ್ ಜಂಪರ್ ಹಾಕಿರುವ ಸಾಧ್ಯತೆ ಇರುತ್ತದೆ. ಅಂಥ ಬೋರ್ಡಿಗೆ ಬರುವ ನ್ಯೂಟ್ರಲ್ ಕಡಿದರೆ ಮಿಕ್ಸರಿನ ಕಬ್ಬಿಣದ ಮೈ, ಅದರ ಮೂಲಕ ಮೈಕಿನ ಜಾಲರಿ, ಎಲ್ಲಕ್ಕೂ ಪೂರ್ತಿ ಫೇಸ್ ಬರುತ್ತದೆ.

ಈ ಅಳತೆಗಳನ್ನು ಸಂಜೆ ಐದಕ್ಕೆ ಖಾಲಿ ಬೋರ್ಡಿನಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಸಡಿಲ ಜಾಯಿಂಟು ಲೋಡ್ ಬಿದ್ದಾಗಲೇ ಬಣ್ಣ ತೋರಿಸುವುದು. ಲೈಟಿಂಗ್‌ನವರಿಗೆ ಹೇಳಿ ಎಲ್ಲ ಲೈಟ್ ಒಂದು ನಿಮಿಷ ಹಾಕಿಸಿ, ಆಗ ಅಳೆಯಿರಿ. ಜನರೇಟರ್‌ಗೆ ಒಮ್ಮೆ ಬದಲಿಸಿ ಮತ್ತೆ ಅಳೆಯಿರಿ. ಲೈಟ್ ಹಾಕಿದಾಗ 20 ವೋಲ್ಟ್ ಇಳಿದರೆ ಅದು ತೆಳು ವೈರಿನ ಕೆಲಸವೂ ಆಗಿರಬಹುದು. 1 ಚದರ ಮಿಲಿಮೀಟರ್ ತಾಮ್ರದ ವೈರ್ 50 ಮೀಟರ್ ಎಳೆದರೆ ಹೋಗಿಬರುವ ದಾರಿಗೆ ಸುಮಾರು 2 ಓಮ್. 10 ಆಂಪ್ ಹರಿದರೆ 20 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 2.5 ಚದರ ಮಿಲಿಮೀಟರಿನದಾದರೆ ಎಂಟು ವೋಲ್ಟ್. ಇಳಿದರೆ ವೈರ್ ಅನ್ನಬಹುದು. ಲೈಟ್ ಹಾಕಿದಾಗ ನಮ್ಮ ಕಡೆ ವೋಲ್ಟೇಜ್ *ಏರಿದರೆ* ಮೊದಲ ಅನುಮಾನ ನ್ಯೂಟ್ರಲ್ ಮೇಲೆ. 'ಅಣ್ಣ, ಚೇಂಜ್‌ಓವರಲ್ಲಿ ನ್ಯೂಟ್ರಲ್ ಒಂದ್ಸಲ ಟೈಟ್ ಮಾಡ್ಕೊಡಿ' ಅಂತ ಮರ್ಯಾದೆಯಿಂದ ಕೇಳಿದರೆ ಬೇಡ ಅನ್ನುವವರು ಕಡಿಮೆ. ಮೀಟರಿನ ಸಂಖ್ಯೆ ತೋರಿಸಿ ಕೇಳಿದರೆ ಇನ್ನೂ ಬೇಗ ಕೆಲಸ ಆಗುತ್ತದೆ.

ಕೈಕೊಡುವ ನ್ಯೂಟ್ರಲ್ ಸಾಮಾನ್ಯವಾಗಿ ಎಲ್ಲಿರುತ್ತದೆ ಅಂದರೆ: ಚೇಂಜ್‌ಓವರಿನ ನ್ಯೂಟ್ರಲ್ ಬ್ಲೇಡು ಕಪ್ಪಾಗಿರುವುದು, ಜನರೇಟರಿನ ಟರ್ಮಿನಲ್ಲಿನಲ್ಲಿ ಅದುರಿ ಅದುರಿ ಸಡಿಲಾದ ಲಗ್ಗು, ನೆಲದ ಮೇಲೆ ಬರೀ ತಿರುಚಿ ಟೇಪ್ ಸುತ್ತಿದ ಜಾಯಿಂಟು. ಕಂಬದಿಂದ ನೇರ ಕೊಕ್ಕೆ ಹಾಕಿದ ಸಪ್ಲೈ ಆದರಂತೂ ಎಲ್ಲವೂ ಸಡಿಲ, ಜೊತೆಗೆ ಅದು ವಿದ್ಯುತ್ ಕಾಯ್ದೆ 2003ರ ಪ್ರಕಾರ ಕಳ್ಳತನ. ತಾತ್ಕಾಲಿಕ ಸಂಪರ್ಕ ತಗೊಂಡಿದ್ದೀರಾ ಅಂತ ಕಮಿಟಿಯವರನ್ನು ಮುಂಗಡ ತಗೊಳ್ಳುವಾಗಲೇ ಕೇಳಿಬಿಡಿ.

ಸ್ಪೈಕ್ ಬಸ್ಟರ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಅದರೊಳಗಿರುವುದು ಒಂದು ಎಂಒವಿ (ಹೆಚ್ಚುವರಿ ವೋಲ್ಟೇಜನ್ನು ಹೀರುವ ಬಿಲ್ಲೆಯಂಥ ಬಿಡಿಭಾಗ), ಸಾಮಾನ್ಯವಾಗಿ 275 ವೋಲ್ಟಿನದು. ಸಿಡಿಲಿನಂಥ ಕ್ಷಣಾರ್ಧದ ಹೊಡೆತ ತಿನ್ನುವುದಕ್ಕೆ ಅಂತ ಇಟ್ಟದ್ದು. 364 ವೋಲ್ಟ್ ಹಾಗೇ ನಿಂತರೆ ಅದೇ ಕಾದು, ಕರಟಿ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಬೇಕಾಗಿರುವುದು ಓವರ್ ವೋಲ್ಟೇಜ್ ಕಟ್ ಮಾಡುವ ರಿಲೇ, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಪಕ್ಕ ಅದೇ ಪಟ್ಟಿಯ ಮೇಲೆ ಕೂರುವ ಡಿಜಿಟಲ್ ಡಿಸ್‌ಪ್ಲೇ ಇರುವಂಥದ್ದು. ಮೇಲಿನ ಮಿತಿ 260, ಕೆಳಗಿನದು 180, ಮತ್ತೆ ಆನ್ ಆಗಲು 30 ಸೆಕೆಂಡ್ ಕಾಯುವಂತೆ ಸೆಟ್ ಮಾಡಿ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ 6 ಆಂಪಿನ ಎಂಸಿಬಿ, ಈ ರಿಲೇ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್), ಮೂರು ಸಾಕೆಟ್ ಕೂರಿಸಿ, ಐದು ಮೀಟರ್ 2.5ರ ತ್ರೀ ಕೋರ್ ವೈರಿಗೆ 16 ಆಂಪಿನ ಪ್ಲಗ್ ಹಾಕಿಸಿ. ಯಾವ ಎಲೆಕ್ಟ್ರಿಷಿಯನ್ ಆದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾರೆ. ಇಡೀ ಬ್ಯಾಂಡಿಗೆ ಒಂದೇ ಡಬ್ಬಿ ಸಾಕು.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆ, ಹಾಗಾಗಿ ಅರ್ಥ್ ಸರಿ ಇದೆ ಅಂತ ಅಂದುಕೊಳ್ಳುವವರು ತುಂಬಾ ಜನ. ಆ ಬಟನ್‌ಗೂ ಅರ್ಥಿಗೂ ಸಂಬಂಧವಿಲ್ಲ, ಅರ್ಥ್ ಇಲ್ಲದ ಬೋರ್ಡಿನಲ್ಲೂ ಅದು ಕೆಲಸ ಮಾಡುತ್ತದೆ. ಜನರೇಟರಿನ ನ್ಯೂಟ್ರಲ್ಲನ್ನು ಅರ್ಥಿಗೆ ಕಟ್ಟಿಲ್ಲದಿದ್ದರೆ ಮನುಷ್ಯನಿಗೆ ಶಾಕ್ ಹೊಡೆಯುವಾಗ ಆರ್‌ಸಿಸಿಬಿ ಸುಮ್ಮನೆ ನೋಡುತ್ತಾ ಕೂರಬಹುದು. ಜನರೇಟರ್ ಪಕ್ಕ ನೆಲಕ್ಕೆ ಹೊಡೆದ ರಾಡು, ಅದಕ್ಕೊಂದು ವೈರು ಕಾಣುತ್ತದಾ ಅಂತ ಹೋಗಿ ನೋಡಿಬನ್ನಿ.

ಇನ್ನು ತುಟಿಗೆ ಹೊಡೆಯುವ ಶಾಕ್. ಗಿಟಾರಿನ ತಂತಿ ಬ್ರಿಡ್ಜ್ ಮೂಲಕ ಆಂಪ್‌ನ (ಆಂಪ್ಲಿಫೈಯರ್) ಮೈಗೆ ಸೇರಿರುತ್ತದೆ, ಮೈಕಿನ ಜಾಲರಿ ಮಿಕ್ಸರಿನ ಮೈಗೆ. ಆಂಪ್ ಒಂದು ಬೋರ್ಡಿಗೆ, ಮಿಕ್ಸರ್ ಇನ್ನೊಂದಕ್ಕೆ ಹಾಕಿದ್ದರೆ ಎರಡರ ನಡುವಿನ ವ್ಯತ್ಯಾಸ ಹಾಡುವವರ ಬೆರಳಿಂದ ತುಟಿಗೆ ಹರಿಯುತ್ತದೆ. ಗಣಪತಿ ವೇದಿಕೆಯಲ್ಲಿ ಚಪ್ಪಲಿ ಬಿಟ್ಟೇ ಹತ್ತಬೇಕು, ಭಾದ್ರಪದದ ಮಳೆಗೆ ಹಸಿರು ಕಾರ್ಪೆಟ್ ಒದ್ದೆಯಾಗಿರುತ್ತದೆ. ಬರಿಗಾಲಿಗೆ ಇದಕ್ಕಿಂತ ಕೆಟ್ಟ ಜಾಗ ಬೇರೆ ಬೇಕಿಲ್ಲ. ನಿಲ್ಲುವಲ್ಲಿ ಒಣ ರಬ್ಬರ್ ಮ್ಯಾಟ್ ಹಾಸಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಎಲ್ಲ ವಾದ್ಯಗಳಿಗೂ ಮಿಕ್ಸರಿಗೂ ಒಂದೇ ಬೋರ್ಡು, ಒಂದೇ ಫೇಸು.

ಹಾಡುವ ಮೊದಲು ಮೀಟರಿನ ಒಂದು ತುದಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರ್ ತಂತಿಗೆ. ಒಂದೆರಡು ವೋಲ್ಟ್ ಇದ್ದರೆ ಹಾಡಿ. ನೂರರ ಆಸುಪಾಸು ತೋರಿಸಿದರೆ ಎರಡು ಸಾಧ್ಯತೆ: ಅರ್ಥ್ ಇಲ್ಲದ ಎಸ್‌ಎಂಪಿಎಸ್‌ನಿಂದ ಸೋರುವ, ಜುಮ್ಮೆನ್ನಿಸುವ ಅತಿ ಸಣ್ಣ ಕರೆಂಟ್, ಇಲ್ಲವೇ ನಿಜವಾದ ಫಾಲ್ಟ್. ಇದನ್ನು ಬೇರ್ಪಡಿಸಲು ಎಲೆಕ್ಟ್ರಿಷಿಯನ್ ಕೈಲಿ ಅದೇ ಎರಡು ಬಿಂದುಗಳ ನಡುವೆ ಫಿಲಮೆಂಟ್ ಇರುವ 15 ವ್ಯಾಟಿನ ಜೀರೋ ಬಲ್ಬ್ ಇಡಿಸಿ ನೋಡಬೇಕು. ಮೀಟರ್ ಸೊನ್ನೆಗೆ ಕುಸಿದರೆ ಸೋರಿಕೆ, ಬಲ್ಬ್ ಉರಿದರೆ ಕೊಲ್ಲುವಂಥದ್ದು. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ, ಸೋರಿಕೆಗೂ ಮಿಣುಕುತ್ತದೆ.

ಸ್ಪೀಕರಿನಲ್ಲಿ ಹಮ್ (ಗುಂಯ್ ಅನ್ನುವ ಸದ್ದು) ಬರುತ್ತಿದೆ ಅಂತ ಪ್ಲಗ್ಗಿನ ದಪ್ಪ ಪಿನ್ ಕಿತ್ತುಹಾಕುವ ಚಾಳಿ ಇದೆ. ಹಮ್ ಹೋಗುತ್ತದೆ, ಫಾಲ್ಟ್ ಕರೆಂಟ್ ಹರಿಯಲು ಇದ್ದ ದಾರಿಯೂ ಹೋಗುತ್ತದೆ. ಹಮ್ ತೆಗೆಯಲು, ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಅದನ್ನು ಬಳಸಿ. ಮಿಕ್ಸರ್ ಫ್ಯೂಸ್ ಹೋದಾಗ ಬೆಳ್ಳಿ ಕಾಗದ ಸುತ್ತುವುದೂ ಇದೇ ಜಾತಿಯ ಜಾಣತನ.

ಚೇಂಜ್‌ಓವರ್ ಹೊತ್ತಿಗೆ ಏನು ಮಾಡಬೇಕು ಅನ್ನುವುದು ಬ್ಯಾಂಡಿನಲ್ಲಿ ಎಲ್ಲರಿಗೂ ಬಾಯಿಪಾಠ ಇರಲಿ. ಕರೆಂಟ್ ಹೋದ ತಕ್ಷಣ ನಮ್ಮ ಡಬ್ಬಿಯ ಎಂಸಿಬಿ ಕೆಳಗೆ. ಆಂಪ್ ಮತ್ತು ಪವರ್ಡ್ ಸ್ಪೀಕರ್ ಸ್ವಿಚ್ ಆಫ್. ಜನರೇಟರ್ ಹತ್ತಿ, ಲೈಟುಗಳು ಬಂದು, ಮೀಟರ್ ಸರಿ ತೋರಿಸಿದ ಮೇಲೆ ಎಂಸಿಬಿ ಮೇಲೆ. ಮೊದಲು ಕೀಬೋರ್ಡ್, ಪ್ಯಾಡ್, ಆಮೇಲೆ ಮಿಕ್ಸರ್, ಕೊನೆಗೆ ಸ್ಪೀಕರ್. ಎರಡು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು ನಿರೂಪಕರು ಮಾತಾಡಲಿ, ಅವರಿಗೂ ಅದೇ ಬೇಕಿರುತ್ತದೆ. ಹಾಡಿನ ಮಧ್ಯೆ ಕೆಲವು ಲೈಟ್ ಮಂಕಾಗಿ ಕೆಲವು ಅತಿಯಾಗಿ ಬೆಳಗಿದರೆ, ಫ್ಯಾನ್ ಸದ್ದು ಇದ್ದಕ್ಕಿದ್ದಂತೆ ಏರಿದರೆ, ಪಲ್ಲವಿ ಮುಗಿಯಲಿ ಅಂತ ಕಾಯದೆ ಎಂಸಿಬಿ ಇಳಿಸಿ.

ಯಾರಾದರೂ ಮೈಕಿಗೋ ಗಿಟಾರಿಗೋ ಅಂಟಿಕೊಂಡಂತೆ ಕಂಡರೆ ಮೈ ಮುಟ್ಟಬೇಡಿ. ಮೊದಲು ಮೇನ್ ಆಫ್. ಮೇನ್ ದೂರವಿದ್ದರೆ ಒಣ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ವೈರನ್ನು ಬಿಡಿಸಿ, 108ಕ್ಕೆ ಫೋನ್ ಮಾಡಿ, ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ. ಅದಕ್ಕೇ ವೇದಿಕೆ ಹತ್ತುವ ಮೊದಲೇ ಮೇನ್ ಎಲ್ಲಿದೆ, ಕತ್ತಲಲ್ಲಿ ಅಲ್ಲಿಗೆ ಹೋಗುವ ದಾರಿ ಯಾವುದು, ಡಬ್ಬಿಗೆ ಬೀಗ ಹಾಕಿದ್ದಾರಾ ಅಂತ ಒಬ್ಬರು ನೋಡಿಟ್ಟುಕೊಂಡಿರಬೇಕು. ಬೀಗ ಹಾಕಿದ್ದರೆ ಕೀ ಕಮಿಟಿಯವರ ಜೇಬಿನಲ್ಲಲ್ಲ, ವೇದಿಕೆ ಮೇಲಿರಬೇಕು.