ಎತ್ತಿಪೋತವೋ, ದಬದಬಿಯೋ?

ಕಲಬುರಗಿಯಲ್ಲಿ ಜಲಪಾತ ಅಂದರೆ ಎಲ್ಲರೂ ಜೋಗ, ಗೋಕಾಕ ಅಂತಾರೆ. ಮಗ್ಗುಲಲ್ಲೇ ಇದೆ ಅಂದರೆ "ಈ ಬಿಸಿಲ ನಾಡಾಗ?" ಅಂತ ನಗುತ್ತಾರೆ. ಹೋದ ಶ್ರಾವಣದಲ್ಲಿ ಎರಡು ಭಾನುವಾರ ಬಿಡುವು ಸಿಕ್ಕಿತು. ಮೊದಲ ವಾರ ಚಿಂಚೋಳಿಯ ಎತ್ತಿಪೋತ, ಮರುವಾರ ಗುರುಮಠಕಲ್ ಕಡೆ.

ಮೊದಲೇ ಹೇಳಿಬಿಡುತ್ತೇನೆ, ಫೋನಿನಲ್ಲಿ ಸುಮ್ನೆ 'ಎತ್ತಿಪೋತಲ' ಅಂತ ಹುಡುಕಬೇಡಿ. ನಾಗಾರ್ಜುನಸಾಗರದ ಹತ್ತಿರವೂ ಅದೇ ಹೆಸರಿನ ಜಲಪಾತವೊಂದಿದೆ. ನಾವು ಅರ್ಧ ತಾಸು ತಪ್ಪು ಫೋಟೋ ನೋಡಿ ಖುಷಿಪಟ್ಟಿದ್ದೆವು!

ಚಿಂಚೋಳಿವರೆಗೂ ತೊಗರಿ ಹೊಲ. ಆಮೇಲೆ ನೆಲ ಏರಿಳಿಯಲು ಶುರುವಾಗಿ, ನಡುವೆ ಲಂಬಾಣಿ ತಾಂಡಾಗಳು, ಗಿಡಗಂಟಿ, ಕಾಡು. 2011ರಲ್ಲಿ ಈ ಕಾಡು ವನ್ಯಜೀವಿಧಾಮವಾಗಿದೆ, 134 ಚದರ ಕಿಲೋಮೀಟರಿಗಿಂತ ಜಾಸ್ತಿ. ಕೃಷ್ಣಮೃಗ, ಕತ್ತೆಕಿರುಬ ಇವೆಯಂತೆ. ನಮಗೆ ಕೇಳಿಸಿದ್ದು ನವಿಲಿನ ಕೂಗು ಮಾತ್ರ.

ಕೊನೆಯ ದಾರಿ ನಡಿಗೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಹತ್ತು ಹೆಜ್ಜೆಗೊಮ್ಮೆ ಚಪ್ಪಲಿಗೆ ಎರೆಮಣ್ಣು ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿ, ಒಂದೊಂದು ಕಾಲೂ ಸೇರು ಭಾರ. ಕಡ್ಡಿಯಿಂದ ಕೆರೆದು ಕೆರೆದು ನಡೆದೆ. ಕೆಳಗಿಳಿದರೆ ಮೆಟ್ಟಿಲಿನಂಥ ಕರಿಕಲ್ಲು, ಅದರ ಮೇಲೆ ಚಹಾ ಬಣ್ಣದ ನೀರು. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ್ದೇ ಈ ಕಲ್ಲು. ಅದೇ ಪುಡಿಯಾಗಿ ನಮ್ಮ ಎರೆಮಣ್ಣಾಗಿದ್ದು. ಅಂದರೆ ದಾರಿಯುದ್ದಕ್ಕೂ ನಾನು ಬೈದಿದ್ದು ಈ ಜಲಪಾತದ ಕಲ್ಲಿಗೇ. ಎತ್ತರ ಅಷ್ಟೇನೂ ಇಲ್ಲ. ಆದರೆ ಒಂದು ತಾಸು ನಾವು ನಾಲ್ವರು ಬಿಟ್ಟರೆ ಯಾರೂ ಇರಲಿಲ್ಲ. ಬರುವಾಗ ಚಂದ್ರಂಪಳ್ಳಿ ಡ್ಯಾಮಿನ ಹಿನ್ನೀರು ನೋಡುತ್ತ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ಮರುವಾರ ಗುರುಮಠಕಲ್ ಕಡೆಯ ನಜರಾಪುರ. ಅಲ್ಲಿಯ ಜಲಪಾತಕ್ಕೆ ದಬದಬಿ ಅಂತ ಯಾಕೆ ಹೆಸರು ಅಂತ ಕೇಳಬೇಕಾಗಲಿಲ್ಲ. ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ನೀರಿನ ರಭಸ, ನೋಟ ಎರಡರಲ್ಲೂ ಇದೇ ಮೇಲು, ಒಪ್ಪುತ್ತೇನೆ. ಆದರೆ ಜನವೋ ಜನ. ಹಾಡು, ಸೆಲ್ಫಿ, ಕಲ್ಲಿನ ಸಂದಿಯಲ್ಲಿ ಒಡೆದ ಬಾಟಲಿ. ಪಾಚಿಯ ಮೇಲೆ ಜಾರಿ ಮೊಣಕಾಲು ಕೆತ್ತಿಸಿಕೊಂಡೆ. ತಪ್ಪು ನನ್ನದೇ, ನುಣುಪು ತಳದ ಚಪ್ಪಲಿ ಹಾಕಿದ್ದೆ.

ಅದೇ ದಿನ ಚಿಂತನಹಳ್ಳಿಗೂ ಹೋದೆವು. ಗವಿಯೊಳಗೆ ಸಿದ್ಧಲಿಂಗೇಶ್ವರ, ಎದುರಿಗೇ ನೀರು. ಜಲಪಾತ ಅಂತ ನೋಡಿದರೆ ಮೂರರಲ್ಲಿ ಇದೇ ಸಣ್ಣದು. ಆದರೆ ಅವ್ವ ಅಲ್ಲಿಂದ ಏಳಲೇ ಇಲ್ಲ. ತುಂತುರು ಮುಖಕ್ಕೆ ಬಡಿಯುತ್ತಿದ್ದರೆ "ಇನ್ನೊಂದೀಟು ಕೂಡ್ರೋಣ" ಅಂತ ಮೂರು ಸಲ ಅಂದಳು. ಎತ್ತಿಪೋತದ ಇಳಿಜಾರು ಅವಳ ಕೈಲಿ ಆಗುತ್ತಿರಲಿಲ್ಲ.

ಹಿರಿಯರಿದ್ದರೆ ಚಿಂತನಹಳ್ಳಿ. ಕಾಲೇಜು ಹುಡುಗರು ಹೇಗೂ ದಬದಬಿಗೇ ಹೋಗುತ್ತಾರೆ, ವಾರದ ನಡುವೆ ಹೋದರೆ ಒಳ್ಳೆಯದು. ನನ್ನ ವೋಟು ಮಾತ್ರ ಎತ್ತಿಪೋತಕ್ಕೆ, ಎರೆಮಣ್ಣು ಸಮೇತ. ಮಳೆಗಾಲದಲ್ಲೇ ಹೋಗಿ. ನನ್ನ ಮಾತು ಕೇಳಿ ಗೆಳೆಯನೊಬ್ಬ ಬೇಸಿಗೆ ರಜೆಯಲ್ಲಿ ಹೋಗಿ, ಕಾದ ಕಲ್ಲಿನ ಫೋಟೋ ಕಳಿಸಿ "ನೀರೆಲ್ಲಿ ಮಾರಾಯಾ?" ಅಂತ ಕೇಳಿದ್ದ.