ಎಬೊನಿ ಎಂದು ಬಣ್ಣ ಬಳಿದ ಹಲಗೆ ಕೊಟ್ಟರು: ಗಿಟಾರ್ ದುರಸ್ತಿಗೆ ಕೊಡುವವರ ಗಮನಕ್ಕೆ

ಗಿಟಾರ್‌ನ ಹಳೆಯ ಫ್ರೆಟ್‌ಬೋರ್ಡ್ (ತಂತಿಗಳ ಕೆಳಗೆ ಬೆರಳೊತ್ತುವ ಹಲಗೆ) ತೆಗೆಸಿ ಹೊಸದು ಹಾಕಿಸಬೇಕೆಂದಿರುವವರೇ, ಬರಿಯ ಹಲಗೆಯನ್ನು ಕೈಯಲ್ಲಿ ಹಿಡಿದು ನೋಡುವವರೆಗೆ ಮುಂಗಡ ಕೊಡಬೇಡಿ. ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಹಲಗೆಯ ಸೀಳುಗಳಿಗೆ ಬಡಿದು, ಎಣ್ಣೆ ಒರೆಸಿ, ತಂತಿ ಕಟ್ಟಿದ ಮೇಲೆ ಅದು ಯಾವ ಮರವೆಂದು ಗುರುತಿಸುವುದು ನಮ್ಮಂಥ ನುಡಿಸುವವರಿಗೆ ಬಹಳ ಕಷ್ಟ. ಹುಬ್ಬಳ್ಳಿಯ ಒಂದು ದುರಸ್ತಿ ಅಂಗಡಿಯವರು ಇದನ್ನೇ ಬಂಡವಾಳ ಮಾಡಿಕೊಂಡು ನನಗೆ ಎಬೊನಿ ಎಂಬ ಗಟ್ಟಿ ಕಪ್ಪು ಮರವೆಂದು ಹೇಳಿ ಕಪ್ಪು ಬಣ್ಣ ಬಳಿದ ಮೆದು ಮರ ಕೊಟ್ಟರು. ಅಂಗಡಿಯ ಹೆಸರು ಹೇಳುವುದಿಲ್ಲ. ಬೇರೆ ಊರಿನ ಬೇರೆ ಅಂಗಡಿಯಲ್ಲೂ ಇದು ನಡೆಯಬಹುದಾದ್ದರಿಂದ ಹೆಸರಿಗಿಂತ ವಿವರ ಮುಖ್ಯ.

ನನ್ನದು ಕಾಲೇಜಿನ ದಿನಗಳ ಅಕೂಸ್ಟಿಕ್ ಗಿಟಾರ್. ಮೇಲ್ಹಲಗೆ ಗಟ್ಟಿಯಾಗಿದೆ, ದನಿ ವರ್ಷ ಕಳೆದಂತೆ ಮಾಗಿದೆ. ಆದರೆ ಮೊದಲ ಮೂರು ಫ್ರೆಟ್‌ಗಳ ನಡುವೆ ಬೆರಳಿನ ಒತ್ತಡಕ್ಕೆ ಹಳ್ಳ ಬಿದ್ದು, ಒಂದು ಕಡೆ ಸೀಳೂ ಬಿಟ್ಟಿತ್ತು. ಅಂಗಡಿಯವರು ಎರಡು ಆಯ್ಕೆ ಮುಂದಿಟ್ಟರು: ಬೀಟೆಯದಾದರೆ ಕಡಿಮೆ ದರ, ಆಫ್ರಿಕದ ಎಬೊನಿಯಾದರೆ ಕೂಲಿ ಸೇರಿ 9,000 ರೂಪಾಯಿ. ಎಬೊನಿ ಹಾಕಿದರೆ ನಾದ ಬೇರೆಯೇ ಆಗುತ್ತದೆ, ಜೀವಮಾನವಿಡೀ ಸವೆಯುವುದಿಲ್ಲ ಎಂದು ಭರವಸೆ ಕೊಟ್ಟರು. ವಾಪಸ್ ಬಂದ ಗಿಟಾರ್ ನೋಡಲು ನಿಜಕ್ಕೂ ಚೆಂದವಿತ್ತು. ಒಂದು ಗೆರೆಯೂ ಇಲ್ಲದ ಕಡುಗಪ್ಪು ಹಲಗೆ.

ಆ ಒಂದೇ ಸಮನಾದ ಕಪ್ಪನ್ನೇ ಮೊದಲು ಅನುಮಾನಿಸಬೇಕು ಎಂದು ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ಎಬೊನಿ ಮರದ ಕೆಚ್ಚಿನಲ್ಲಿ ಕಂದು, ಬೂದು ಪಟ್ಟೆಗಳು ಸಾಮಾನ್ಯ. ಅಮೆರಿಕದ ಟೇಲರ್ ಗಿಟಾರ್ ಕಂಪನಿಯವರು 2011ರಲ್ಲಿ ಪಾಲುದಾರರೊಡನೆ ಕ್ಯಾಮರೂನ್‌ನ ಎಬೊನಿ ಕಾರ್ಖಾನೆಯೊಂದನ್ನು ಕೊಂಡಾಗ ಅವರಿಗೆ ತಿಳಿದ ಸಂಗತಿಯೇ ಇದು: ಪೂರ್ತಿ ಕಪ್ಪಾದ ಒಂದು ಮರಕ್ಕಾಗಿ ಹತ್ತು ಮರ ಕಡಿದು, ಪಟ್ಟೆ ಇರುವವನ್ನು ಕಾಡಿನಲ್ಲೇ ಬಿಟ್ಟು ಬರುತ್ತಿದ್ದರು. ಆಮೇಲೆ ಆ ಕಂಪನಿ ಪಟ್ಟೆ ಇರುವ ಎಬೊನಿಯನ್ನೇ ತನ್ನ ಗಿಟಾರ್‌ಗಳಿಗೆ ಬಳಸತೊಡಗಿತು. ಅಷ್ಟು ಅಪರೂಪದ ಕಡುಗಪ್ಪು ಹಲಗೆ ನಮ್ಮ ಊರಿನ ದುರಸ್ತಿ ಅಂಗಡಿಯಲ್ಲಿ ಆ ದರಕ್ಕೆ, ಕೇಳಿದ ದಿನವೇ ಸಿಗುತ್ತದೆ ಎಂದರೆ ಎಲ್ಲಿಂದ ತರಿಸಿದಿರಿ ಎಂದು ಕೇಳುವ ಹಕ್ಕು ಗ್ರಾಹಕನಿಗೆ ಇದ್ದೇ ಇದೆ. ನಾನು ಕೇಳಿದಾಗ "ಸರ್, ನಮಗೆ ಮುಂಬೈಯಿಂದ ಬರುತ್ತದೆ" ಎಂದಷ್ಟೇ ಉತ್ತರ ಬಂದಿತ್ತು.

ಮೊದಲು ಬೆರಳ ತುದಿ ಕಪ್ಪಾಗತೊಡಗಿತು. ಹೊಸ ಹಲಗೆಗೆ ಹಾಕಿದ ಎಣ್ಣೆಯ ಬಣ್ಣ, ಕೆಲವು ದಿನಗಳಲ್ಲಿ ಹೋಗುತ್ತದೆ ಎಂದು ಅಂಗಡಿಯಿಂದ ಸಮಾಧಾನ. ಹೋಗಲಿಲ್ಲ. ಬೆವರಿದಾಗಲೆಲ್ಲ ಇನ್ನಷ್ಟು ಬಿಟ್ಟಿತು. ಮಾರ್ಚ್ ಬಂದು ಧಾರವಾಡದ ಒಣ ಗಾಳಿ ಬೀಸತೊಡಗಿದಾಗ ನಿಜವಾದ ತೊಂದರೆ ಶುರುವಾಯಿತು. ನೆಕ್‌ನ (ಗಿಟಾರ್‌ನ ಕತ್ತಿನ) ಅಂಚಿನಲ್ಲಿ ಫ್ರೆಟ್‌ಗಳ ತುದಿಗಳು ಹೊರಚಾಚಿ, ಕೈ ಜಾರಿಸಿದರೆ ಗರಗಸದ ಹಲ್ಲಿನಂತೆ ತರಚತೊಡಗಿದವು. ಜೂನ್‌ನ ಜಿಟಿಜಿಟಿ ಮಳೆಗೆ ಹಲಗೆ ಮತ್ತೆ ಉಬ್ಬಿತು, ಕೆಲವು ಫ್ರೆಟ್‌ಗಳು ತಮ್ಮ ಸೀಳಿನಿಂದ ಮೇಲೆದ್ದವು. ಐದನೆಯ ಫ್ರೆಟ್ ಒತ್ತಿದರೆ ಆರನೆಯದಕ್ಕೆ ತಂತಿ ತಗಲಿ ಝರ್ರೆನ್ನುತ್ತಿತ್ತು. ತೋರಿಸಿದರೆ, "ನೀವು ಸರಿಯಾಗಿ ಇಟ್ಟುಕೊಂಡಿಲ್ಲ ಸರ್, ಎಬೊನಿ ಸೂಕ್ಷ್ಮ ಮರ" ಎಂದು ತಪ್ಪನ್ನು ನನ್ನ ಮೇಲೆಯೇ ಹೊರಿಸಿದರು.

ಕೊನೆಗೆ ಧಾರವಾಡದಲ್ಲಿ ಸಿತಾರ್, ತಂಬೂರಿ ದುರಸ್ತಿ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆ. ಸಿತಾರಿನ ಪರದೆಗಳನ್ನು ದಾರದಿಂದ ಕಟ್ಟಿರುತ್ತಾರೆ, ಬೇಕಾದಂತೆ ಸರಿಸಬಹುದು. ಗಿಟಾರ್‌ನ ಫ್ರೆಟ್ ಮರದೊಳಗೆ ಬಡಿದು ಕೂರಿಸಿದ್ದು. ಆದರೂ ಮರ ಓದುವುದರಲ್ಲಿ ಅವರ ಕಣ್ಣು ಪಳಗಿದ್ದು. ತಂತಿ ಸಡಿಲಿಸಿ, ನೆಕ್‌ನ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ನಟ್ ಎಂಬ ಸಣ್ಣ ಪಟ್ಟಿ ತೆಗೆದು, ಅದರ ಕೆಳಗೆ ಮುಚ್ಚಿಹೋಗಿದ್ದ ಹಲಗೆಯ ತುದಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದರು. ಕಪ್ಪು ಪದರದ ಕೆಳಗೆ ತಿಳಿಗಂದು ಮರ ಕಂಡಿತು. "ತಮ್ಮಾ, ಇದಕ್ಕೆ ಎಬೊನಿಯ ಗಾಳಿಯೂ ಸೋಕಿಲ್ಲ. ಈ ಹೊಳೆಯುವ ಚುಕ್ಕೆ ನೋಡು, ಸಿಲ್ವರ್ ಓಕ್ ಇರಬಹುದು" ಎಂದರು. ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಮರ ಅದು. ಅಗ್ಗದ ಪೀಠೋಪಕರಣಕ್ಕೆ ಸರಿ. ದಿನವೂ ಉಕ್ಕಿನ ತಂತಿ ಉಜ್ಜುವ, ಫ್ರೆಟ್‌ನ ಮುಳ್ಳುಗಳನ್ನು ಕಚ್ಚಿ ಹಿಡಿಯಬೇಕಾದ ಜಾಗಕ್ಕೆ ಅಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಫ್ರೆಟ್ ತಂತಿಯ ಅಡ್ಡಕೊಯ್ತ ಇಂಗ್ಲಿಷಿನ ಟಿ ಅಕ್ಷರದ ಆಕಾರದ್ದು. ಕೆಳಗಿನ ಕಾಲಿನ ಎರಡೂ ಬದಿ ಸಣ್ಣ ಮುಳ್ಳುಗಳಿರುತ್ತವೆ. ಅರ್ಧ ಮಿಲಿಮೀಟರಿಗಿಂತ ತುಸು ಅಗಲದ ಸೀಳಿನೊಳಗೆ ಆ ಮುಳ್ಳುಗಳನ್ನು ಹಿಡಿದಿಡುವುದು ಮರದ ಗಟ್ಟಿತನವೇ. ಉಕ್ಕಿನ ಗುಂಡನ್ನು ಅರ್ಧದಷ್ಟು ಮರದೊಳಗೆ ಒತ್ತಲು ಬೇಕಾಗುವ ಬಲವನ್ನು ಅಳೆಯುವ ಜಾಂಕಾ ಪರೀಕ್ಷೆಯಲ್ಲಿ ಆಫ್ರಿಕದ ಎಬೊನಿಗೆ 3,000 ಪೌಂಡಿಗೂ ಹೆಚ್ಚು, ನಮ್ಮ ಬೀಟೆಗೆ ಸುಮಾರು 2,400, ಗಟ್ಟಿ ಮೇಪಲ್ ಮರಕ್ಕೆ ಸುಮಾರು 1,450. ಈ ಮೂರೂ ಗಿಟಾರ್‌ಗೆ ಸಾಕಷ್ಟು ಗಟ್ಟಿ. ಸಿಲ್ವರ್ ಓಕ್ ಇವುಗಳ ಹತ್ತಿರವೂ ಬರುವುದಿಲ್ಲ.

ಗಟ್ಟಿತನ ಒಂದೇ ನೋಡಿದರೂ ಸಾಲದು, ಮರ ಎಷ್ಟು ಕುಗ್ಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಹಾಗಾಗಿ ಫ್ರೆಟ್‌ಗಳ ಅಂತರ ಕೆಟ್ಟು ಸ್ವರ ತಪ್ಪುವುದಿಲ್ಲ. ಕುಗ್ಗುವುದು ಅಗಲಕ್ಕೆ. ಲೋಹದ ಫ್ರೆಟ್ ಮಾತ್ರ ಇದ್ದಷ್ಟೇ ಉಳಿಯುತ್ತದೆ, ಅದಕ್ಕೇ ತುದಿ ಹೊರಬರುವುದು. ಹಸಿ ಮರ ಪೂರ್ತಿ ಒಣಗುವಾಗ, ಬೆಳವಣಿಗೆಯ ಬಳೆಗಳಿಗೆ ಅಡ್ಡವಾದ ದಿಕ್ಕಿನಲ್ಲಿ, ಎಬೊನಿ ಶೇ 8ಕ್ಕೂ ಹೆಚ್ಚು, ಮೇಪಲ್ ಸುಮಾರು ಶೇ 5 ಕುಗ್ಗುತ್ತವೆ. ಬೀಟೆ ಶೇ 3ಕ್ಕಿಂತ ಕಡಿಮೆ. ಏಪ್ರಿಲ್ ಮಧ್ಯಾಹ್ನಕ್ಕೂ ಜುಲೈ ಮಳೆಗೂ ಇಷ್ಟು ಅಂತರವಿರುವ ನಮ್ಮ ಹವೆಯಲ್ಲಿ, ಅಸಲಿ ಎಬೊನಿ ಸಿಕ್ಕರೂ ಅದು ಚೆನ್ನಾಗಿ ಹದವಾಗಿ ಒಣಗಿರದಿದ್ದರೆ ಇದೇ ಗತಿ. ಆದ್ದರಿಂದ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಯಾವ ಊರಿನವರೇ ಆಗಲಿ, ನನ್ನ ಸಲಹೆ ಹಳೆಯ, ಒಣಗಿದ ಬೀಟೆ. ಗಿಟಾರ್ ಜಗತ್ತು ಇಂಡಿಯನ್ ರೋಸ್‌ವುಡ್ ಎಂದು ಹುಡುಕಿಕೊಂಡು ಬರುವ ಮರ ನಮ್ಮ ಪಶ್ಚಿಮ ಘಟ್ಟದಲ್ಲೇ ಬೆಳೆಯುವಾಗ, ಕಡಿಮೆ ದರದ ಆಯ್ಕೆ ಎಂದು ಅದನ್ನು ಕೀಳಾಗಿ ತೋರಿಸಿದ್ದು ನನಗೆ ಈಗಲೂ ನೋವಿನ ವಿಷಯ. ಫೆಂಡರ್ ಕಂಪನಿ ಮೇಪಲ್ ಒಂದನ್ನೇ ಬಳಸುತ್ತಿದ್ದುದನ್ನು ಬಿಟ್ಟು 1958ರ ಜಾಜ್‌ಮಾಸ್ಟರ್ ಗಿಟಾರ್‌ಗೆ ಹಾಕಿದ್ದೂ ರೋಸ್‌ವುಡ್ ಹಲಗೆಯನ್ನೇ.

ನಾದದ ಮಾತನ್ನು ನಂಬಿ ಹೆಚ್ಚು ಹಣ ಕೊಡಬೇಡಿ. ಅಕೂಸ್ಟಿಕ್ ಗಿಟಾರ್‌ನ ದನಿಯನ್ನು ಬಹುಪಾಲು ನಿರ್ಧರಿಸುವುದು ಮೇಲ್ಹಲಗೆ ಮತ್ತು ಅದರ ಒಳಗಿನ ಪಟ್ಟಿಗಳು. ಫ್ರೆಟ್‌ಬೋರ್ಡಿನ ಮರ ಬೆರಳಿಗೆ ಗೊತ್ತಾಗುವಷ್ಟು ಕಿವಿಗೆ ಗೊತ್ತಾಗುವುದಿಲ್ಲ.

ಬಣ್ಣ ಹಾಕುವುದೇ ಮೋಸವೇನಲ್ಲ. ಅಸಲಿ ಎಬೊನಿಗೂ ಪಟ್ಟೆ ಮುಚ್ಚಲು ಬಣ್ಣ ಹಾಕುವವರಿದ್ದಾರೆ. ಮಾರ್ಟಿನ್ ಕಂಪನಿ ಕೆಲವು ಮಾದರಿಗಳಿಗೆ ಕಾಗದ ಮತ್ತು ರಾಳದಿಂದ ಮಾಡಿದ ರಿಚ್‌ಲೈಟ್ ಎಂಬ ಕಪ್ಪು ಹಲಗೆ ಹಾಕಿ, ಹಾಗೆಂದೇ ಹೇಳಿ ಮಾರಿದೆ. ಹೇಳಿ ಮಾರಿದರೆ ಕೊಳ್ಳುವವನು ತನಗೆ ಬೇಕೋ ಬೇಡವೋ ತೀರ್ಮಾನಿಸುತ್ತಾನೆ.

ನೀವು ಮಾಡಬೇಕಾದದ್ದು ಇಷ್ಟು. ಸೀಳು ಕೊಯ್ಯುವ ಮೊದಲೇ ಹಲಗೆ ತೋರಿಸಿ ಎನ್ನಿ. ಅದರ ತುದಿಯನ್ನೂ ತಳವನ್ನೂ ನೋಡಿ, ಮೇಲಿನ ಬಣ್ಣವೇ ಒಳಗೂ ಇರಬೇಕು. ಬಿಳಿ ಹತ್ತಿ ಬಟ್ಟೆಗೆ ತುಸು ಸ್ಪಿರಿಟ್ ಹಾಕಿ ತಳದಲ್ಲಿ ಉಜ್ಜಿ. ರೋಸ್‌ವುಡ್ ಕೂಡ ತನ್ನ ಸಹಜ ನೇರಳೆ-ಕಂದು ಬಣ್ಣವನ್ನು ಸ್ವಲ್ಪ ಬಿಡುತ್ತದೆ, ಅದಕ್ಕೆ ಹೆದರಬೇಕಿಲ್ಲ. ಬಟ್ಟೆ ಶಾಯಿ ಬಿದ್ದಂತೆ ಕಪ್ಪಾದರೆ ಹಲಗೆ ವಾಪಸ್ ಕೊಡಿ. ಬೀಟೆಯಲ್ಲಿ ಕಣ್ಣಿಗೆ ಕಾಣುವ ಸಣ್ಣ ರಂಧ್ರಗಳಿರುತ್ತವೆ, ಕೆರೆದರೆ ಸಿಹಿಯಾದ ವಾಸನೆ ಬರುತ್ತದೆ. ಹಲಗೆ ಎಷ್ಟು ಕಾಲದಿಂದ ಒಣಗುತ್ತಿದೆ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯ, ಬಿಲ್ಲಿನಲ್ಲಿ ಮರದ ಹೆಸರು ಬರೆಸಿಕೊಳ್ಳಿ. ಬಾಯಲ್ಲಿ ಎಬೊನಿ ಎಂದವರು ನನ್ನ ಬಿಲ್ಲಿನಲ್ಲಿ ಬರೆದದ್ದು "ಗಿಟಾರ್ ರಿಪೇರಿ" ಎಂದು ಮಾತ್ರ. ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಆದರೆ ಯಾವ ಮರ ಕೊಡುತ್ತೇವೆಂದು ಒಪ್ಪಿದ್ದರು ಎನ್ನುವುದಕ್ಕೆ ಕಾಗದವಿಲ್ಲದಿದ್ದರೆ ವಾದ ಬಹಳ ದುರ್ಬಲವಾಗುತ್ತದೆ.

ಈಗಾಗಲೇ ಇಂಥ ಹಲಗೆ ಹಾಕಿಸಿಕೊಂಡವರು ಮತ್ತೆ ಮತ್ತೆ ಎಣ್ಣೆ ಹಚ್ಚಬೇಡಿ, ಬಣ್ಣ ಇನ್ನಷ್ಟು ಬಿಡುತ್ತದೆ. ಫ್ರೆಟ್ ತುದಿ ಮಾತ್ರ ಹೊರಬಂದಿದ್ದರೆ ಅರದಿಂದ ಉಜ್ಜಿಸಿದರೆ ಸಾಕು, ಅದು ದೊಡ್ಡ ಖರ್ಚಲ್ಲ. ಫ್ರೆಟ್ ಸೀಳಿನಲ್ಲೇ ಅಲ್ಲಾಡುತ್ತಿದ್ದರೆ ಅಂಟು ಹಾಕಿ ಕೂರಿಸುವುದು ಕೆಲವು ತಿಂಗಳ ಉಪಾಯ ಮಾತ್ರ, ಹಲಗೆಯನ್ನೇ ಬದಲಿಸಬೇಕಾಗುತ್ತದೆ. ಬಿಸಿ ಮಾಡಿ ಹಲಗೆ ಬಿಡಿಸುವಾಗ ನೆಕ್ ಬಾಗದಂತೆ ನೋಡಿಕೊಳ್ಳಬಲ್ಲವರಿಗೇ ಆ ಕೆಲಸ ಕೊಡಿ, ತೆಗೆದ ಹಳೆಯ ಹಲಗೆಯನ್ನು ದೂರಿಗೆ ಸಾಕ್ಷಿಯಾಗಿ ಮನೆಗೆ ತನ್ನಿ.